ಉತ್ತರವಿದೆ, ಪ್ರಶ್ನೆಯಿಲ್ಲ: ‘ಹರ್ ಸ್ಟೋರಿ’ ವಿಡಿಯೊ ಗೇಮ್ ಕಲಿಸುವ ಅರ್ಥೈಸುವಿಕೆಯ ಪಾಠ

ಕಳೆದ ಸಾಲಿನ ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೆಯ ತರಗತಿಯ ಒಂದು ಗದ್ಯಪಾಠವನ್ನು ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿಯು ತಾವೇ ಆರಿಸಿಕೊಂಡ ಒಂದು ಸಣ್ಣ ಕಥೆಯನ್ನು ಕಲಿಸುತ್ತಿದ್ದರು. ಕಥೆಯ ಕೊನೆಯಲ್ಲಿ ಮುದುಕಿಯೊಬ್ಬಳು ದೂರದ ಊರಿನಿಂದ ಬಂದ ಕಾಗದವನ್ನು ಯಾರಿಂದಲೂ ಓದಿಸಿಕೊಳ್ಳದೆ ಮಡಿಚಿ ಪೆಟ್ಟಿಗೆಯೊಳಗೆ ಇಡುತ್ತಾಳೆ. “ಅವಳು ಏಕೆ ಹಾಗೆ ಮಾಡಿದಳು?” ಎಂಬ ಪ್ರಶ್ನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಕಾಗದದಲ್ಲಿ ಏನಿದೆ ಅಂತ ಅವಳಿಗೆ ಮೊದಲೇ ಗೊತ್ತು ಸಾರ್” ಎಂದ. “ತಪ್ಪು. ಮಗನ ಮೇಲೆ ಅವಳಿಗೆ ಕೋಪ” ಎಂದು ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಬರೆದರು. ನಾನು ನನ್ನ ವೀಕ್ಷಣಾ ಹಾಳೆಯಲ್ಲಿ “ತಪ್ಪು ಉತ್ತರವನ್ನು ತಕ್ಷಣ ತಿದ್ದಲಾಯಿತು, ಉತ್ತಮ” ಎಂದು ಬರೆದೆ.

ಸಂಜೆ ಆ ಕಥೆಯನ್ನು ಮತ್ತೊಮ್ಮೆ ಓದಿದೆ. ಕೋಪ ಎಂಬ ಮಾತು ಕಥೆಯಲ್ಲಿ ಎಲ್ಲಿಯೂ ಇರಲಿಲ್ಲ. ಆದರೆ ಕಾಗದ ತಂದ ಅಂಚೆಯವನು ಅಂದು ಮುದುಕಿಯ ಮುಖ ನೋಡದೆ ಹೊರಟುಹೋದ ಎಂಬ ಒಂದು ಸಾಲು ಇತ್ತು. ಹುಡುಗ ಬಹುಶಃ ಆ ಸಾಲನ್ನು ಗಮನಿಸಿದ್ದ. ನಾವಿಬ್ಬರು ಶಿಕ್ಷಕರು ಗಮನಿಸಿರಲಿಲ್ಲ. “ಹೇಗೆ ಹೇಳುತ್ತೀಯ?” ಎಂದು ಅವನನ್ನು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಯಾರೂ ಕೇಳಲಿಲ್ಲ.

ಕೃತಿಯೊಂದು ಹೇಳದೆ ಬಿಟ್ಟದ್ದನ್ನು ಅರ್ಥೈಸುವುದು ಹೇಗೆ, ಆ ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಹಕ್ಕು ಯಾರದು, ಒಂದಕ್ಕಿಂತ ಹೆಚ್ಚು ಅರ್ಥಗಳು ನಿಲ್ಲುವಾಗ ಶಿಕ್ಷಕರು ಏನು ಮಾಡಬೇಕು? ಈ ಪ್ರಶ್ನೆಗಳನ್ನು ನನಗೆ ಚೆನ್ನಾಗಿ ಬಿಡಿಸಿ ತೋರಿಸಿದ್ದು ಯಾವ ಬೋಧನಶಾಸ್ತ್ರದ ಪುಸ್ತಕವೂ ಅಲ್ಲ, ಒಂದು ವಿಡಿಯೊ ಗೇಮ್. ಪ್ರಸ್ತುತ ಲೇಖನದಲ್ಲಿ ಆ ಆಟದ ರಚನೆಯನ್ನು ವಿವರಿಸಿ, ಅದರೊಳಗಿನ ಸಂದಿಗ್ಧ ಅಂಶಗಳನ್ನು ಅರ್ಥೈಸುವ ಕ್ರಮವನ್ನು ಪರಿಶೀಲಿಸಿ, ಆ ಕ್ರಮವನ್ನು ತರಗತಿಗೆ ತರುವ ಒಂದು ಚಟುವಟಿಕೆಯನ್ನು ಸೂಚಿಸಲಾಗಿದೆ. ಆಟದ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುತ್ತವೆ. ಮೊದಲು ಆಡಿ ನೋಡಬೇಕೆನ್ನುವವರು ಆಡಿ ಬಂದು ಓದುವುದು ಒಳ್ಳೆಯದು.

1. ಆಟದ ಪರಿಚಯ

‘ಹರ್ ಸ್ಟೋರಿ’ 2015ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಇದರ ಬರವಣಿಗೆ ಮತ್ತು ನಿರ್ದೇಶನ ಇಂಗ್ಲೆಂಡಿನ ಸ್ಯಾಮ್ ಬಾರ್ಲೊ ಅವರದು. ಇದರಲ್ಲಿ ಓಡುವುದು, ಹಾರುವುದು, ಗುಂಡು ಹಾರಿಸುವುದು ಯಾವುದೂ ಇಲ್ಲ. ಪರದೆಯ ಮೇಲೆ ಕಾಣುವುದು 1990ರ ದಶಕದ ಹಳೆಯ ಕಂಪ್ಯೂಟರಿನ ಮುಖಪುಟ. ಅದರಲ್ಲಿ ಬ್ರಿಟನ್ನಿನ ಪೊಲೀಸರ ಒಂದು ದತ್ತಾಂಶ ಸಂಗ್ರಹ. 1994ರಲ್ಲಿ ಒಬ್ಬ ಮಹಿಳೆಯನ್ನು ಏಳು ಬಾರಿ ವಿಚಾರಣೆ ಮಾಡಿದ ವಿಡಿಯೊಗಳನ್ನು 271 ತುಣುಕುಗಳಾಗಿ ಕತ್ತರಿಸಿ ಅಲ್ಲಿ ಇಡಲಾಗಿದೆ. ಆಕೆಯ ಗಂಡ ಸೈಮನ್ ಕಾಣೆಯಾಗಿದ್ದಾನೆ. ಆನಂತರ ಅವನ ಕೊಲೆಯಾಗಿರುವುದು ತಿಳಿಯುತ್ತದೆ. ಮಹಿಳೆಯ ಪಾತ್ರವನ್ನು ವಿವಾ ಸೈಫರ್ಟ್ ಎಂಬ ಕಲಾವಿದೆ ನಿರ್ವಹಿಸಿದ್ದಾರೆ. ಚಿತ್ರಿಸಿದ ಗೊಂಬೆಯಲ್ಲ, ನಿಜವಾದ ನಟಿಯ ಮುಖವೇ ನಮ್ಮ ಮುಂದಿರುತ್ತದೆ.

ಆಟಗಾರರು ಮಾಡಬೇಕಾದದ್ದು ಒಂದೇ: ಹುಡುಕು ಪೆಟ್ಟಿಗೆಯಲ್ಲಿ ಒಂದು ಪದವನ್ನು ಬೆರಳಚ್ಚಿಸುವುದು. ಆಕೆಯ ಮಾತಿನಲ್ಲಿ ಆ ಪದ ಬಂದಿರುವ ತುಣುಕುಗಳು ಸಿಗುತ್ತವೆ. ಆದರೆ ಒಂದು ಕಟ್ಟುಪಾಡಿದೆ. ಎಷ್ಟೇ ತುಣುಕುಗಳು ಹೊಂದಿಕೆಯಾದರೂ ಕಾಲಾನುಕ್ರಮದಲ್ಲಿ ಮೊದಲ ಐದನ್ನು ಮಾತ್ರ ನೋಡಬಹುದು. ‘ಸೈಮನ್’ ಎಂಬಂಥ ಪದೇ ಪದೇ ಬರುವ ಪದವನ್ನು ಹಾಕಿದರೆ ಆರಂಭದ ವಿಚಾರಣೆಗಳ ಮಾತೇ ಬರುತ್ತದೆ. ಕೊನೆಯ ವಿಚಾರಣೆಯ ನಿರ್ಣಾಯಕ ಮಾತು ಅದೇ ಪದದ ಹಿಂದೆ ಅಡಗಿಕೊಂಡಿರುತ್ತದೆ. ಅಲ್ಲಿಗೆ ತಲುಪಲು ಅಪರೂಪದ, ನಿಖರವಾದ ಪದ ಬೇಕು. ಆ ಪದ ಸಿಗಬೇಕಾದರೆ ಈಗಾಗಲೇ ನೋಡಿದ ತುಣುಕುಗಳನ್ನು ಕಿವಿಗೊಟ್ಟು ಕೇಳಿರಬೇಕು.

2016ರಲ್ಲಿ ಈ ಆಟಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳೂ ಸ್ವತಂತ್ರ ಆಟಗಳ ಉತ್ಸವದ ಪರಮೋಚ್ಚ ಬಹುಮಾನವೂ ದೊರೆತವು. ಶಿಕ್ಷಕರಾದ ನಮಗೆ ಇದು ಮುಖ್ಯವಾಗುವುದು ಪ್ರಶಸ್ತಿಗಳಿಂದಲ್ಲ. ಈ ಆಟದಲ್ಲಿ ವಿಚಾರಣಾಧಿಕಾರಿಯ ಧ್ವನಿ ಒಮ್ಮೆಯೂ ಕೇಳಿಸುವುದಿಲ್ಲ. ಇರುವುದು ಉತ್ತರಗಳು ಮಾತ್ರ. ಪ್ರಶ್ನೆಗಳನ್ನು ನಾವೇ ಊಹಿಸಿಕೊಳ್ಳಬೇಕು. ಪ್ರಶ್ನಿಸುವ ಕೌಶಲವನ್ನು ಸೂಕ್ಷ್ಮ ಬೋಧನೆಯಲ್ಲಿ ಅಭ್ಯಾಸ ಮಾಡಿಸುವ ನಮಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

2. ಅಡಗಿರುವುದು ಮೂರು ಬಗೆ

‘ಗೂಢಾರ್ಥ’, ‘ಒಳಾರ್ಥ’ ಎಂಬ ಪದಗಳನ್ನು ನಾವು ಪಾಠಯೋಜನೆಯಲ್ಲಿ ಧಾರಾಳವಾಗಿ ಬಳಸುತ್ತೇವೆ. ಆದರೆ ಅಡಗಿರುವುದೆಲ್ಲ ಒಂದೇ ಬಗೆಯದಲ್ಲ. ಈ ಆಟದಲ್ಲಿ ಮೂರು ಬಗೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಬಹುದು.

ಮೊದಲನೆಯದು ಮರೆಯಲ್ಲಿರುವುದು. ಅದು ಕೃತಿಯೊಳಗೆ ಇದೆ, ಹುಡುಕಿದರೆ ಸಿಗುತ್ತದೆ. ಗಂಡನ ಸಾವಿಗೆ ಒಡೆದ ಕನ್ನಡಿಯ ಚೂರು ಕಾರಣವೆಂಬುದು ಈ ಬಗೆಯದು. ಸರಿಯಾದ ಪದ ಹಾಕಿದವರಿಗೆ ಆಕೆಯೇ ಅದನ್ನು ಹೇಳುತ್ತಾಳೆ. ತರಗತಿಯಲ್ಲಿ ಇದಕ್ಕೆ ಸಮನಾದುದು ಪಠ್ಯದ ಯಾವುದೋ ಮೂಲೆಯ ಸಾಲಿನಲ್ಲಿರುವ ಮಾಹಿತಿ.

ಎರಡನೆಯದು ಹೇಳದೆ ಬಿಟ್ಟಿದ್ದರೂ ಖಚಿತವಾಗಿ ಊಹಿಸಬಹುದಾದದ್ದು. ವಿಚಾರಣಾಧಿಕಾರಿ ಏನು ಕೇಳಿದ ಎಂಬುದು ಯಾವ ತುಣುಕಿನಲ್ಲಿಯೂ ಇಲ್ಲ. ಆದರೆ ಉತ್ತರದ ಆಕಾರದಿಂದ ಪ್ರಶ್ನೆಯ ಆಕಾರ ತಿಳಿಯುತ್ತದೆ. ಯಾರಾದರೂ “ಇಲ್ಲ, ಅವತ್ತು ಅಲ್ಲ” ಎಂದರೆ ಕೇಳಿದವರು ಒಂದು ನಿರ್ದಿಷ್ಟ ದಿನದ ಬಗ್ಗೆ ಕೇಳಿದ್ದಾರೆ ಎಂದು ಗೊತ್ತಾಗುತ್ತದೆ. ಹಾಗೆಯೇ, ಈ ತುಣುಕುಗಳನ್ನು ಹುಡುಕುತ್ತಿರುವ ‘ನಾನು’ ಯಾರು ಎಂಬುದೂ ಆಟದ ಆರಂಭದಲ್ಲಿ ತಿಳಿಯುವುದಿಲ್ಲ. ಆಗಾಗ ಹಳೆಯ ಪರದೆಯ ಗಾಜಿನಲ್ಲಿ ಒಂದು ಮುಖದ ಪ್ರತಿಬಿಂಬ ಮಿಂಚಿ ಮರೆಯಾಗುತ್ತದೆ. ಗಮನಿಸಿದವರಿಗೆ ಅನುಮಾನ ಹುಟ್ಟುತ್ತದೆ. ಕೊನೆಯಲ್ಲಿ ಅದು ಆ ಮಹಿಳೆಯ ಮಗಳು ಸಾರಾ ಎಂದು ತಿಳಿಯುತ್ತದೆ.

ಮೂರನೆಯದು ಕೃತಿಯೇ ತೀರ್ಮಾನಿಸದೆ ಬಿಟ್ಟದ್ದು. ಎಲ್ಲ 271 ತುಣುಕುಗಳನ್ನು ನೋಡಿದ ಮೇಲೆಯೂ ಅದು ಬಗೆಹರಿಯುವುದಿಲ್ಲ. ನಿಜವಾದ ಸಂದಿಗ್ಧತೆ ಇರುವುದು ಇಲ್ಲಿ.

ತರಗತಿಯಲ್ಲಿ ಆಗುವ ಬಹುಪಾಲು ಅನ್ಯಾಯ ಈ ಮೂರನ್ನು ಬೆರೆಸುವುದರಿಂದ ಆಗುತ್ತದೆ ಎಂಬುದು ನನ್ನ ಅನುಭವ. ಮೂರನೆಯ ಬಗೆಯ ಪ್ರಶ್ನೆಯನ್ನು ಕೇಳಿ ಮೊದಲನೆಯ ಬಗೆಯ ಪ್ರಶ್ನೆಗೆ ಅಂಕ ಕೊಡುವಂತೆ ಅಂಕ ಕೊಡುತ್ತೇವೆ. ಅದಕ್ಕೆ ವಿರುದ್ಧವಾದ ತಪ್ಪೂ ಉಂಟು: ಪಠ್ಯದಲ್ಲಿ ಸ್ಪಷ್ಟವಾಗಿ ಇರುವುದನ್ನು ಓದದೆ ಬಂದ ವಿದ್ಯಾರ್ಥಿಗೆ “ಅದು ನಿನ್ನ ಅಭಿಪ್ರಾಯ, ಸರಿ” ಎಂದುಬಿಡುವುದು.

ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ವಿಂಗಡಣೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನಿಯನ್ನು ವಿವರಿಸುವಾಗ ವಾಚ್ಯವನ್ನು ಬಿಟ್ಟು ವ್ಯಂಗ್ಯವಿಲ್ಲ ಎಂಬುದನ್ನು ಮರೆಯಲಿಲ್ಲ, ದೀಪವಿಲ್ಲದೆ ಬೆಳಕಿಲ್ಲ. ಜರ್ಮನಿಯ ವುಲ್ಫ್‌ಗ್ಯಾಂಗ್ ಈಸರ್ ಇಪ್ಪತ್ತನೆಯ ಶತಮಾನದಲ್ಲಿ ಕೃತಿಯ ‘ಖಾಲಿ ಜಾಗ’ಗಳನ್ನು ಓದುಗ ತುಂಬುತ್ತಾನೆ ಎಂದಾಗಲೂ ಆ ಜಾಗದ ಅಂಚುಗಳನ್ನು ಕೃತಿಯೇ ಹಾಕಿಕೊಡುತ್ತದೆ ಎಂಬುದು ಅವನ ವಾದದಲ್ಲಿತ್ತು. ಖಾಲಿ ಜಾಗ ಎಂದರೆ ಮನಸ್ಸಿಗೆ ಬಂದದ್ದನ್ನು ಬರೆಯುವ ಜಾಗವಲ್ಲ.

3. ಒಬ್ಬಳೋ ಇಬ್ಬರೋ?

ಆಟದ ಕೇಂದ್ರ ಸಂದಿಗ್ಧತೆ ಇದು. ವಿಚಾರಣೆಗೆ ಬಂದ ಮಹಿಳೆ ತನ್ನ ಹೆಸರು ಹ್ಯಾನಾ ಎನ್ನುತ್ತಾಳೆ. ತುಣುಕುಗಳು ಹೆಚ್ಚಿದಂತೆ ಈವ್ ಎಂಬ ಇನ್ನೊಂದು ಹೆಸರು ಬರುತ್ತದೆ. ಆಕೆ ಹೇಳುವ ಕಥೆ ಹೀಗಿದೆ: ಅವಳಿ ಮಕ್ಕಳು ಹುಟ್ಟಿದಾಗ ಸೂಲಗಿತ್ತಿ ಫ್ಲಾರೆನ್ಸ್ ಒಂದು ಮಗು ಸತ್ತಿತೆಂದು ಸುಳ್ಳು ಹೇಳಿ ಅದನ್ನು ತಾನೇ ಗುಟ್ಟಾಗಿ ಸಾಕಿಕೊಂಡಳು. ಮುಂದೆ ಅಕ್ಕತಂಗಿಯರು ಪರಸ್ಪರರನ್ನು ಕಂಡುಕೊಂಡರು. ಫ್ಲಾರೆನ್ಸ್ ಸತ್ತ ನಂತರ ಈವ್ ಹ್ಯಾನಾಳ ಮನೆಯ ಅಟ್ಟದಲ್ಲಿ ಯಾರಿಗೂ ತಿಳಿಯದಂತೆ ಇದ್ದಳು. ಇಬ್ಬರೂ ಒಬ್ಬಳಂತೆಯೇ ಲೋಕಕ್ಕೆ ಕಾಣಿಸಿಕೊಂಡು, ಸರದಿಯ ಮೇಲೆ ಒಂದೇ ಬದುಕನ್ನು ಬದುಕಿದರು. ಇದಕ್ಕಾಗಿ ತಮ್ಮ ನಡುವೆ ಕಟ್ಟುನಿಟ್ಟಾದ ನಿಯಮಗಳನ್ನೂ ಮಾಡಿಕೊಂಡಿದ್ದರು.

ಇದನ್ನು ಕೇಳಿದ ಆಟಗಾರರು ಎರಡು ಪಕ್ಷಗಳಾಗಿ ಒಡೆಯುತ್ತಾರೆ. ಒಂದು ಪಕ್ಷದ ಪ್ರಕಾರ ಹ್ಯಾನಾ ಮತ್ತು ಈವ್ ನಿಜವಾಗಿಯೂ ಅವಳಿಗಳು. ಏಳು ವಿಚಾರಣೆಗಳಿಗೆ ಕೆಲವೊಮ್ಮೆ ಒಬ್ಬಳು, ಕೆಲವೊಮ್ಮೆ ಇನ್ನೊಬ್ಬಳು ಬಂದಿದ್ದಾಳೆ. ಇನ್ನೊಂದು ಪಕ್ಷದ ಪ್ರಕಾರ ಇರುವುದು ಒಬ್ಬಳೇ ಹೆಣ್ಣು; ಈವ್ ಎಂಬುದು ಅವಳ ಮನಸ್ಸು ಕಟ್ಟಿಕೊಂಡ ಇನ್ನೊಂದು ವ್ಯಕ್ತಿತ್ವ, ಇಲ್ಲವೇ ಪೊಲೀಸರ ಮುಂದೆ ಕಟ್ಟಿದ ಕಥೆ.

ಆಧಾರಗಳನ್ನು ಒಂದೊಂದಾಗಿ ನೋಡೋಣ.

ಹಚ್ಚೆ: ಆಕೆಯ ತೋಳಿನ ಮೇಲೆ ಒಂದು ಹಚ್ಚೆ ಇದೆ. ಅದು ಕಾಣುವ ದೃಶ್ಯಗಳನ್ನೂ ಕಾಣದ ದೃಶ್ಯಗಳನ್ನೂ ಹೋಲಿಸಿ, ಇದು ಇಬ್ಬರ ಗುರುತು ಎಂದು ಮೊದಲ ಪಕ್ಷ ವಾದಿಸುತ್ತದೆ. ಆದರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದು ಹೇಳಬಹುದೇ? ತೋಳು ಮುಚ್ಚಿರಬಹುದು, ಹಚ್ಚೆಯನ್ನು ಬಣ್ಣದಿಂದ ಮರೆಸಿರಬಹುದು ಎನ್ನುತ್ತದೆ ಇನ್ನೊಂದು ಪಕ್ಷ.

ಅಟ್ಟದ ಬದುಕು: ಒಂದು ಮನೆಯಲ್ಲಿ ಇನ್ನೊಬ್ಬಳು ವರ್ಷಗಟ್ಟಲೆ ಇದ್ದರೂ ಯಾರಿಗೂ ತಿಳಿಯಲಿಲ್ಲವೆಂಬುದನ್ನು ನಂಬುವುದು ಕಷ್ಟ. ಇದು ಎರಡನೆಯ ಪಕ್ಷದ ಬಲವಾದ ಆಧಾರ. ಆದರೆ ನಂಬಲು ಕಷ್ಟವಾದದ್ದು ಕಥೆಯಲ್ಲಿ ನಡೆಯಬಾರದೆಂದೇನೂ ಇಲ್ಲ ಎನ್ನುವುದು ಮೊದಲ ಪಕ್ಷದ ಮರುಮಾತು.

ಗ್ಲಾಸ್ಗೊ ಪ್ರಯಾಣ: ಕೊಲೆಯ ಸಮಯದಲ್ಲಿ ತಾನು ದೂರದ ಗ್ಲಾಸ್ಗೊದಲ್ಲಿದ್ದೆ ಎಂಬ ಸಮರ್ಥನೆ ಬರುತ್ತದೆ. ಇಬ್ಬರಿದ್ದರೆ ಒಬ್ಬಳು ಅಲ್ಲಿ, ಇನ್ನೊಬ್ಬಳು ಇಲ್ಲಿ, ಸಮಸ್ಯೆಯೇ ಇಲ್ಲ. ಒಬ್ಬಳೇ ಆದರೆ ಹೊತ್ತುಗಳನ್ನು ಬೇರೆಯಾಗಿ ಜೋಡಿಸಿ ನೋಡಬೇಕಾಗುತ್ತದೆ.

ಹೆಸರು, ಕನ್ನಡಿ, ಹಾಡು: ಹ್ಯಾನಾ ಮತ್ತು ಈವ್ ಎಂಬ ಎರಡು ಹೆಸರುಗಳೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ, ನಮ್ಮ ‘ಕನಕ’, ‘ನಯನ’ದಂತೆ, ಹಿಂದಿನಿಂದ ಓದಿದರೂ ಒಂದೇ. ಕಥೆಯ ತುಂಬ ಕನ್ನಡಿಗಳಿವೆ. ಆಕೆ ಗಿಟಾರ್ ಹಿಡಿದು ಹಾಡುವುದು ‘ದ ಟ್ವಾ ಸಿಸ್ಟರ್ಸ್’ ಎಂಬ ಹಳೆಯ ಲಾವಣಿ. ಅದರಲ್ಲಿ ಒಬ್ಬ ಸೋದರಿ ಇನ್ನೊಬ್ಬಳನ್ನು ನೀರಿಗೆ ತಳ್ಳುತ್ತಾಳೆ. ಇವು ಯಾವ ಪಕ್ಷದ ಕಡೆಗಿವೆ? ಪ್ರಶಿಕ್ಷಣಾರ್ಥಿಗಳು ತಡವರಿಸುವುದು ಇಲ್ಲಿಯೇ. ಕನ್ನಡಿಯಲ್ಲಿ ಇಬ್ಬರು ಕಾಣುತ್ತಾರೆ, ಆದ್ದರಿಂದ ಇಬ್ಬರು ಎನ್ನಬಹುದು. ಕನ್ನಡಿಯ ಮುಂದೆ ನಿಂತವಳು ಒಬ್ಬಳೇ, ಆದ್ದರಿಂದ ಒಬ್ಬಳು ಎಂದೂ ಅನ್ನಬಹುದು. ಸಂಕೇತವು ಎರಡು ಕಡೆಗೂ ಸಾಕ್ಷಿ ಹೇಳುತ್ತದೆ. ಅಂದರೆ ತೀರ್ಪಿಗೆ ಅದು ಸಾಕ್ಷಿಯೇ ಅಲ್ಲ. ಸಂಕೇತ ತೋರಿಸುವುದು ಕೃತಿ ಯಾವುದರ ಬಗ್ಗೆ ಚಿಂತಿಸುತ್ತಿದೆ ಎಂಬುದನ್ನು. ಏನು ನಡೆಯಿತು ಎಂಬುದನ್ನಲ್ಲ. ಪದ್ಯಪಾಠದಲ್ಲಿ “ಕಮಲ ಪಾವಿತ್ರ್ಯದ ಸಂಕೇತ” ಎಂದು ಬರೆಸಿ ಮುಗಿಸುವ ನಮ್ಮ ಅಭ್ಯಾಸಕ್ಕೆ ಇದು ಒಳ್ಳೆಯ ತಡೆ.

ಹೇಳುವವಳು: ಎಲ್ಲಕ್ಕಿಂತ ಮುಖ್ಯವಾದ ಅಂಶ ಇದು. ನಮಗೆ ಸಿಗುವ ಪ್ರತಿಯೊಂದು ಮಾಹಿತಿಯೂ ಒಂದೇ ಬಾಯಿಂದ ಬಂದದ್ದು, ಅದೂ ಕೊಲೆಯ ಆರೋಪದ ಅಂಚಿನಲ್ಲಿ ಕುಳಿತವಳ ಬಾಯಿಂದ. ಸೂಲಗಿತ್ತಿಯ ಸುಳ್ಳಿನ ಕಥೆಯನ್ನೇ ತೆಗೆದುಕೊಳ್ಳಿ. ತನ್ನ ಹುಟ್ಟನ್ನು ತಾನೇ ಕಂಡವರು ಯಾರೂ ಇಲ್ಲ. ಆದ್ದರಿಂದ ಅದು ಎಷ್ಟಾದರೂ ಕೇಳಿ ತಿಳಿದ ಮಾತು. ಕನ್ನಡದಲ್ಲಿ ಇದಕ್ಕೆ ಒಂದು ಪುಟ್ಟ ಪ್ರತ್ಯಯವೇ ಇದೆ: ‘ಅಂತೆ’. “ಮಗುವನ್ನು ಕದ್ದಳು” ಎಂಬುದಕ್ಕೂ “ಮಗುವನ್ನು ಕದ್ದಳಂತೆ” ಎಂಬುದಕ್ಕೂ ಇರುವ ಅಂತರ ನಮ್ಮ ಮೂರನೆಯ ತರಗತಿಯ ಮಗುವಿಗೂ ಗೊತ್ತು. ಈ ಇಡೀ ಆಟವನ್ನು ಕನ್ನಡದಲ್ಲಿ ಸಾರಾಂಶ ಬರೆಯುವುದಾದರೆ ಪ್ರತಿ ವಾಕ್ಯದ ಕೊನೆಗೆ ‘ಅಂತೆ’ ಸೇರಿಸಬೇಕಾಗುತ್ತದೆ.

ಕೊನೆಯಲ್ಲಿ ಆಟ ಏನು ಮಾಡುತ್ತದೆ? ಸಾಕಷ್ಟು ನೋಡಿದ ಮೇಲೆ ಪರದೆಯ ಮೇಲೆ ಸಂದೇಶ ಬರುತ್ತದೆ: ಮುಗಿಯಿತೇ? ನಿನ್ನ ತಾಯಿ ಏಕೆ ಹಾಗೆ ಮಾಡಿದಳೆಂದು ಅರ್ಥವಾಯಿತೇ? ಅಷ್ಟೆ. ಒಬ್ಬಳೋ ಇಬ್ಬರೋ ಎಂದು ಆಟ ಕೇಳುವುದಿಲ್ಲ, ಅಂಕ ಕೊಡುವುದಿಲ್ಲ, ಸರಿ ಉತ್ತರದ ಪುಟ ತೆರೆಯುವುದಿಲ್ಲ. ಇನ್ನು ಸಾಕು ಎಂದು ನಿರ್ಧರಿಸಬೇಕಾದವರು ನಾವೇ.

ಇದಕ್ಕೆ ಪೂರ್ಣ ವಿರುದ್ಧವಾದ ಇನ್ನೊಂದು ಆಟವನ್ನು ಹೋಲಿಕೆಗೆ ಹೇಳಬೇಕು. 2018ರಲ್ಲಿ ಬಂದ, ಲೂಕಾಸ್ ಪೋಪ್ ರೂಪಿಸಿದ ‘ರಿಟರ್ನ್ ಆಫ್ ದಿ ಓಬ್ರಾ ದಿನ್’ನಲ್ಲಿ ಆಟಗಾರರು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ. 1807ರಲ್ಲಿ ಜನರಿಲ್ಲದೆ ತೇಲಿಬಂದ ಹಡಗಿನಲ್ಲಿದ್ದ 60 ಮಂದಿಯೂ ಯಾರು, ಅವರಿಗೆ ಏನಾಯಿತು ಎಂದು ಪತ್ತೆ ಮಾಡಬೇಕು. ಮೂವರ ವಿವರ ಸರಿಯಾಗಿ ತುಂಬಿದಾಗ ಆಟ ಅದನ್ನು ಖಚಿತಪಡಿಸುತ್ತದೆ. ಅಲ್ಲಿ ಅಡಗಿರುವುದು ಮೊದಲ ಎರಡು ಬಗೆಯದು. ಉತ್ತರದ ಕೀಲಿ ಇದೆ. ಎರಡೂ ಒಳ್ಳೆಯ ಆಟಗಳೇ. ಆದರೆ ಗಣಿತದ ಸಮಸ್ಯೆಗೂ ಕವಿತೆಯ ಪ್ರಶ್ನೆಗೂ ಒಂದೇ ಕೀಲಿ ಹಿಡಿದು ಹೊರಡುವ ಶಿಕ್ಷಕರು ‘ಹರ್ ಸ್ಟೋರಿ’ಯನ್ನು ‘ಓಬ್ರಾ ದಿನ್’ನಂತೆ ಆಡಲು ಹೊರಟವರು.

4. ಅರ್ಥವನ್ನು ಒರೆಗೆ ಹಚ್ಚುವ ನಾಲ್ಕು ಪ್ರಶ್ನೆಗಳು

ಉತ್ತರದ ಕೀಲಿ ಇಲ್ಲವೆಂದ ಮೇಲೆ ಎಲ್ಲ ಅರ್ಥವೂ ಸಮವೇ? ಅಲ್ಲ. ಸೈಮನ್ ಬದುಕಿದ್ದಾನೆ ಎಂದು ಯಾರಾದರೂ ವಾದಿಸಿದರೆ ಆ ಅರ್ಥ ನಿಲ್ಲುವುದಿಲ್ಲ. ಒಂದಕ್ಕಿಂತ ಹೆಚ್ಚು ಅರ್ಥ ನಿಲ್ಲುತ್ತದೆ ಎಂದರೆ ಯಾವುದಾದರೂ ನಿಲ್ಲುತ್ತದೆ ಎಂದಲ್ಲ. ನಾನು ಪ್ರಶಿಕ್ಷಣಾರ್ಥಿಗಳಿಗೆ ಈ ನಾಲ್ಕು ಪ್ರಶ್ನೆಗಳನ್ನು ಕೊಡುತ್ತೇನೆ.

ಒಂದು, ಆಧಾರ ಎಲ್ಲಿದೆ? ಯಾವ ತುಣುಕು, ಯಾವ ಸಾಲು ಎಂದು ಬೆರಳಿಟ್ಟು ತೋರಿಸಬೇಕು.

ಎರಡು, ಅದನ್ನು ಹೇಳಿದವರು ಯಾರು, ಹೇಳುವುದರಿಂದ ಅವರಿಗೆ ಏನು ಲಾಭ? ನಿರೂಪಕರ ಮಾತನ್ನು ಸತ್ಯವೆಂದೇ ಹಿಡಿಯುವುದು ಮಕ್ಕಳು ಮಾತ್ರವಲ್ಲ, ನಾವೂ ಮಾಡುವ ತಪ್ಪು.

ಮೂರು, ಈ ಅರ್ಥಕ್ಕೆ ಒಗ್ಗದ ಆಧಾರ ಯಾವುದು? ಪ್ರತಿಯೊಂದು ಅರ್ಥಕ್ಕೂ ಒಂದು ಮುಳ್ಳು ಇರುತ್ತದೆ. ಅವಳಿಗಳೆನ್ನುವವರಿಗೆ ಅಟ್ಟದ ಬದುಕು ಮುಳ್ಳು. ಒಬ್ಬಳೆನ್ನುವವರಿಗೆ ಗ್ಲಾಸ್ಗೊ ಮುಳ್ಳು. ತನ್ನ ವಾದದ ಮುಳ್ಳನ್ನು ತಾನೇ ತೋರಿಸಬಲ್ಲ ವಿದ್ಯಾರ್ಥಿ ನಿಜವಾಗಿ ಓದಿದ್ದಾನೆ.

ನಾಲ್ಕು, ಎಷ್ಟು ಖಚಿತ? ಕನ್ನಡ ಕ್ರಿಯಾಪದ ಇಲ್ಲಿಯೂ ನಮಗೆ ನೆರವಾಗುತ್ತದೆ. “ಅವಳಿಗೆ ಗೊತ್ತಿತ್ತು”, “ಗೊತ್ತಿದ್ದಿರಬೇಕು”, “ಗೊತ್ತಿದ್ದಿರಬಹುದು”, “ಗೊತ್ತಿತ್ತಂತೆ” – ಈ ನಾಲ್ಕು ರೂಪಗಳು ನಾಲ್ಕು ಮೆಟ್ಟಿಲುಗಳು. ಆಧಾರ ಎಷ್ಟಿದೆಯೋ ಅಷ್ಟೇ ಎತ್ತರದ ಮೆಟ್ಟಿಲ ಮೇಲೆ ನಿಲ್ಲಬೇಕು. ವ್ಯಾಕರಣ ಪಾಠದಲ್ಲಿ ಸಂಭಾವನಾರ್ಥಕವನ್ನು ಬಾಯಿಪಾಠ ಮಾಡಿಸುವ ನಾವು ಅದು ಆಲೋಚನೆಯ ಉಪಕರಣವೆಂದು ಹೇಳಿಕೊಡುವುದನ್ನು ಮರೆಯುತ್ತೇವೆ.

5. ತರಗತಿಗೆ: ‘ಗ್ರಂಥಾಲಯದ ಬೀಗದಕೈ’ ಚಟುವಟಿಕೆ

‘ಹರ್ ಸ್ಟೋರಿ’ ವಯಸ್ಕರ ಆಟ. ಅದರಲ್ಲಿ ಕೊಲೆಯಿದೆ, ದಾಂಪತ್ಯದ ಒಳಜಗಳವಿದೆ. ಇಂಗ್ಲಿಷ್ ಮಾತನ್ನು ಕೇಳಿ ಪದ ಹಿಡಿಯುವ ಅಗತ್ಯವೂ ಇದೆ. ಶಾಲಾ ಮಕ್ಕಳ ಮುಂದೆ ಇದನ್ನು ಹಾಕುವುದು ಸಲ್ಲದು. ಪ್ರಶಿಕ್ಷಣಾರ್ಥಿಗಳು ಗುಂಪಾಗಿ ಆಡಿ ಚರ್ಚಿಸಬಹುದು. ಮಕ್ಕಳಿಗೆ ಆಟದ ವಿಷಯ ಬೇಡ, ಅದರ ಕ್ರಮ ಸಾಕು. ಅದಕ್ಕೆ ಕಂಪ್ಯೂಟರ್ ಕೂಡ ಬೇಕಿಲ್ಲ. ರಟ್ಟಿನ ಚೀಟಿಗಳು ಸಾಕು.

ತರಗತಿ: 8 ಅಥವಾ 9. ಅವಧಿ: 40 ನಿಮಿಷ. ಸಾಮಗ್ರಿ: 1ರಿಂದ 20ರವರೆಗೆ ಸಂಖ್ಯೆ ಹಾಕಿದ ಚೀಟಿಗಳು.

ಶಾಲೆಯ ಗ್ರಂಥಾಲಯದ ಬೀಗದಕೈ ಕಾಣೆಯಾಗಿ, ಮೂರನೆಯ ದಿನ ಕಿಟಕಿಯ ಮೇಲೆ ಸಿಕ್ಕಿತು ಎಂಬುದು ಸನ್ನಿವೇಶ. ಒಬ್ಬ ವಿದ್ಯಾರ್ಥಿನಿ ಮೂರು ದಿನ ಕೊಟ್ಟ ಉತ್ತರಗಳು ಮಾತ್ರ ಚೀಟಿಗಳಲ್ಲಿವೆ, ಪ್ರಶ್ನೆಗಳಿಲ್ಲ. ಮಾದರಿಗೆ ಕೆಲವು:

“ಇಲ್ಲ, ಅವತ್ತು ಸಂಜೆ ನಾನು ಒಬ್ಬಳೇ ಇರಲಿಲ್ಲ.”

“ಆ ಬೀಗ ಹಳೆಯದು. ಯಾವ ಕೈ ಹಾಕಿದರೂ ತೆರೆಯುತ್ತದೆ.”

“ಅವಳು ನನ್ನ ಗೆಳತಿ. ಗೆಳತಿಯಾಗಿದ್ದಳು.”

“ಪುಸ್ತಕ ಕದಿಯುವವರು ಪುಸ್ತಕ ವಾಪಸು ಇಡುತ್ತಾರಾ?”

“ನಾನು ಕಿಟಕಿಯ ಬಗ್ಗೆ ಏನೂ ಹೇಳಲಿಲ್ಲವಲ್ಲ.”

ಮೊದಲ ಹಂತ (10 ನಿಮಿಷ): ನಾಲ್ಕೈದು ಮಂದಿಯ ಗುಂಪುಗಳು. ಪ್ರತಿ ಗುಂಪು ಶಿಕ್ಷಕರಿಗೆ ಒಂದು ಪದವನ್ನು ಹೇಳಬೇಕು. ಆ ಪದವಿರುವ ಚೀಟಿಗಳಲ್ಲಿ ಸಂಖ್ಯಾನುಕ್ರಮವಾಗಿ ಮೊದಲ ಮೂರನ್ನು ಮಾತ್ರ ಶಿಕ್ಷಕರು ಕೊಡುತ್ತಾರೆ. ಒಂದು ಗುಂಪಿಗೆ ನಾಲ್ಕು ಅವಕಾಶ. ‘ಬೀಗ’ ಎಂದವರಿಗೂ ‘ಗೆಳತಿ’ ಎಂದವರಿಗೂ ಬೇರೆ ಬೇರೆ ಕಥೆ ಕಾಣತೊಡಗುತ್ತದೆ.

ಎರಡನೆಯ ಹಂತ (8 ನಿಮಿಷ): ಕೈಯಲ್ಲಿರುವ ಪ್ರತಿ ಉತ್ತರಕ್ಕೂ ಕೇಳಿರಬಹುದಾದ ಪ್ರಶ್ನೆಯನ್ನು ಬರೆಯಬೇಕು. ಐದನೆಯ ಮಾದರಿ ಚೀಟಿಯನ್ನು ಗಮನಿಸಿ. ಅಲ್ಲಿ ಕೇಳಿದವರು ಯಾವ ಮಾತನ್ನು ಹಿಡಿದರು, ಆಕೆ ಏಕೆ ಬೆಚ್ಚಿದಳು ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಮೂರನೆಯ ಹಂತ (12 ನಿಮಿಷ): ಪ್ರತಿ ಗುಂಪು ತನ್ನ ಅರ್ಥವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಆಧಾರದ ಚೀಟಿಯನ್ನೂ ಮುಳ್ಳಿನ ಚೀಟಿಯನ್ನೂ ತೋರಿಸಬೇಕು. ಬೇರೆ ಗುಂಪುಗಳು ತಮ್ಮಲ್ಲಿರುವ ಚೀಟಿಯಿಂದ ಅದನ್ನು ಪ್ರಶ್ನಿಸಬಹುದು.

ನಾಲ್ಕನೆಯ ಹಂತ (10 ನಿಮಿಷ): ಎಲ್ಲ ಚೀಟಿಗಳನ್ನೂ ಹರಡಿ, ತನ್ನ ಮೊದಲ ಅಭಿಪ್ರಾಯ ಬದಲಾಯಿತೇ, ಏಕೆ ಎಂದು ಪ್ರತಿಯೊಬ್ಬರೂ ಮೂರು ಸಾಲು ಬರೆಯುವುದು.

ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಕೊನೆಯಲ್ಲಿ ಮಕ್ಕಳು “ಸಾರ್, ನಿಜವಾಗಿ ಏನಾಯಿತು?” ಎಂದು ಕೇಳಿಯೇ ಕೇಳುತ್ತಾರೆ. ಆಗ ಉತ್ತರ ಹೇಳಿಬಿಟ್ಟರೆ ಹಿಂದಿನ ನಲವತ್ತು ನಿಮಿಷ ವ್ಯರ್ಥ. “ಯಾವ ಚೀಟಿ ಇದ್ದಿದ್ದರೆ ನಮಗೆ ಖಚಿತವಾಗುತ್ತಿತ್ತು?” ಎಂದು ಮರುಪ್ರಶ್ನೆ ಹಾಕಿ. ಯಾವ ಆಧಾರ ಇಲ್ಲವೆಂದು ಗುರುತಿಸುವುದೂ ಕಲಿಕೆಯೇ.

ಮೌಲ್ಯಮಾಪನಕ್ಕೆ 10 ಅಂಕಗಳ ಹಂಚಿಕೆ ಹೀಗಿರಬಹುದು: ಆಧಾರವನ್ನು ತೋರಿಸಿದ್ದಕ್ಕೆ 4, ಆಧಾರಕ್ಕೂ ಅರ್ಥಕ್ಕೂ ಸಂಬಂಧ ವಿವರಿಸಿದ್ದಕ್ಕೆ 3, ಒಗ್ಗದ ಆಧಾರವನ್ನು ಒಪ್ಪಿಕೊಂಡದ್ದಕ್ಕೆ 2, ಖಚಿತತೆಗೆ ತಕ್ಕ ಕ್ರಿಯಾರೂಪ ಬಳಸಿದ್ದಕ್ಕೆ 1. ಯಾವ ತೀರ್ಮಾನಕ್ಕೆ ಬಂದರು ಎಂಬುದಕ್ಕೆ ಇಲ್ಲಿ ಅಂಕವಿಲ್ಲ. ಆದ್ದರಿಂದ ಊಹೆ ಸರಿಯೆನಿಸಿದರೂ ಆಧಾರ ತೋರದವರಿಗೆ ಅಂಕ ಬರುವುದಿಲ್ಲ. ಶಿಕ್ಷಕರಿಗೆ ಒಪ್ಪಿಗೆಯಾಗದ ಅರ್ಥವನ್ನು ಆಧಾರಸಹಿತ ಹೇಳಿದವರಿಗೆ ಬರುತ್ತದೆ.

6. ಮೊದಲ ಪದ

ಆಟದ ಇನ್ನೊಂದು ವಿವರವನ್ನು ಕೊನೆಗೆಂದು ಉಳಿಸಿಕೊಂಡಿದ್ದೆ. ಆಟ ತೆರೆದಾಗ ಹುಡುಕು ಪೆಟ್ಟಿಗೆ ಖಾಲಿ ಇರುವುದಿಲ್ಲ. ‘ಕೊಲೆ’ ಎಂಬ ಪದವನ್ನು ಅದಾಗಲೇ ಬೆರಳಚ್ಚಿಸಿರಲಾಗಿದೆ. ಆದ್ದರಿಂದ ಆ ಮಹಿಳೆಯ ಬಗ್ಗೆ ನಾವು ಮೊದಲು ನೋಡುವ ತುಣುಕುಗಳು ಕೊಲೆಯ ಬಗ್ಗೆಯೇ ಇರುತ್ತವೆ. ಅವಳ ಬಾಲ್ಯ, ಹಾಡು, ದುಃಖ ಎಲ್ಲವನ್ನೂ ಆಮೇಲೆ ನಾವು ಆ ಒಂದು ಪದದ ನೆರಳಿನಲ್ಲಿಯೇ ನೋಡುತ್ತೇವೆ. ಪದವನ್ನು ಅಲ್ಲಿ ಇಟ್ಟವರು ಯಾರು ಎಂದು ಕೇಳುವ ಆಟಗಾರರು ಕಡಿಮೆ.

ಅಭ್ಯಾಸ ಬೋಧನೆಗೆ ಶಾಲೆಗೆ ಹೋದ ಮೊದಲ ದಿನ ಪ್ರಶಿಕ್ಷಣಾರ್ಥಿಗಳಿಗೂ ಹೀಗೆಯೇ ಆಗುತ್ತದೆ. “ಆ ಹಿಂದಿನ ಬೆಂಚಿನವನು ದಡ್ಡ”, “ಅವಳು ಸುಳ್ಳು ಹೇಳುತ್ತಾಳೆ” ಎಂದು ಯಾರೋ ಒಂದು ಪದವನ್ನು ಮೊದಲೇ ಬೆರಳಚ್ಚಿಸಿ ಕೊಡುತ್ತಾರೆ. ಆ ಪದದಿಂದ ಹುಡುಕಿದರೆ ಅದಕ್ಕೆ ಹೊಂದುವ ಐದು ಘಟನೆಗಳು ಖಂಡಿತ ಸಿಗುತ್ತವೆ. ಉಳಿದವು ಸಂಗ್ರಹದಲ್ಲಿಯೇ ಉಳಿಯುತ್ತವೆ. ಮಗುವಿನ ಬಗ್ಗೆ ನಾವು ತಿಳಿದಿರುವುದು ಯಾವಾಗಲೂ ಕೆಲವೇ ತುಣುಕುಗಳು. ಅವು ಯಾವ ಪ್ರಶ್ನೆಗೆ ಬಂದ ಉತ್ತರಗಳೆಂಬುದೂ ಹಲವೊಮ್ಮೆ ನಮಗೆ ತಿಳಿದಿರುವುದಿಲ್ಲ. ಕಥೆಯ ಪಾತ್ರದ ಬಗ್ಗೆ ತಪ್ಪು ತೀರ್ಮಾನಕ್ಕೆ ಬಂದರೆ ಯಾರಿಗೂ ನಷ್ಟವಿಲ್ಲ. ಎದುರಿಗೆ ಕುಳಿತ ಮಗುವಿನ ವಿಷಯದಲ್ಲಿ ಹಾಗಲ್ಲ.

ಆ ವೀಕ್ಷಣಾ ಹಾಳೆಯನ್ನು ಮರುದಿನ ತರಿಸಿಕೊಂಡು “ಉತ್ತಮ” ಎಂಬುದನ್ನು ಹೊಡೆದುಹಾಕಿ, “ಹೇಗೆ ಹೇಳುತ್ತೀಯ ಎಂದು ಕೇಳಬೇಕಿತ್ತು. ಈ ತಪ್ಪು ವೀಕ್ಷಕನದೂ ಹೌದು” ಎಂದು ಬರೆದೆ. ಪ್ರಶಿಕ್ಷಣಾರ್ಥಿಯು ಮುಂದಿನ ಪಾಠದಲ್ಲಿ ಆ ಹುಡುಗನನ್ನು ಎಬ್ಬಿಸಿ ಕೇಳಿದರು. ಅವನು ಎದ್ದು ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದ. ಪ್ರಶಿಕ್ಷಣಾರ್ಥಿ ಕಾದರು. ಆಮೇಲೆ ಹುಡುಗ ಪುಸ್ತಕ ತೆರೆದು ಅಂಚೆಯವನ ಸಾಲಿನ ಮೇಲೆ ಬೆರಳಿಟ್ಟು ಓದಿದ.